ಸರದಿಯಿಲ್ಲದ ನೀರು

ಎಣ್ಣೆಬಯಲಿನ ಶಿಬಿರ, ಜಿದ್ದತ್ ಅಲ್ ಹರಾಸಿಸ್
೫ ಅಕ್ಟೋಬರ್ ೨೦೦೧

ಅಪ್ಪನಿಗೆ ಜುವೈನಾಳ ಸಲಾಮು.

ಫೋನ್ ಮಾಡಬಹುದಿತ್ತು. ಆದರೆ ನೀವು ಆ ತುದಿಯಲ್ಲಿ "ಆಂ? ಯಾರು? ಆಂ?" ಅನ್ನುವಷ್ಟರಲ್ಲೇ ನನ್ನ ಕಾರ್ಡು ಮುಗಿದುಹೋಗುತ್ತದೆ. ಅದಕ್ಕೇ ಹಮ್ದಾನನ ಲಾರಿಯಲ್ಲಿ ಈ ಕಾಗದ. ಅಮ್ಮನ ಅಣ್ಣನ ಮಗ ಅಂತ ಅವನನ್ನು ನಂಬಿದ್ದೇನೆ, ದಾರಿಯಲ್ಲಿ ಬಿಡಿಸಿ ಓದದಿದ್ದರೆ ಸಾಕು.

ಅಪ್ಪಾ, ಅಂತೂ ಒಪ್ಪಿದರು! ಜೊಂಡಿನ ಪಾತಿಗಳ ಆಚೆಗೆ ನಮ್ಮ ಖರ್ಜೂರದ ತೋಟದಷ್ಟು ಜಾಗ ಬಿಟ್ಟುಕೊಟ್ಟಿದ್ದಾರೆ. ಇಲ್ಲಿ ಎಣ್ಣೆಯ ಜೊತೆಗೆ ಅದರ ಎಷ್ಟೋ ಪಟ್ಟು ನೀರು ನೆಲದಿಂದ ಮೇಲೆ ಬರುತ್ತದೆ ಅಂತ ಹೇಳಿದ್ದೆನಲ್ಲ. ಇಷ್ಟು ದಿನ ಆ ನೀರನ್ನು ದೊಡ್ಡ ಪಂಪು ಹಾಕಿ ಮತ್ತೆ ಪಾತಾಳಕ್ಕೆ ತಳ್ಳುತ್ತಿದ್ದರು. ಈಗ ಅದು ನಮ್ಮ ಪಾತಿಗಳಿಗೆ ಬರುತ್ತದೆ. ಒಂದು ತುದಿಯಲ್ಲಿ ಕರ್ರಗೆ ಹೊಳೆಯುತ್ತಾ ಒಳಗೆ ಹೋಗುತ್ತದೆ. ಜೊಂಡಿನ ಬೇರುಗಳೂ ಬೇರಿನಲ್ಲಿರುವ ಕಣ್ಣಿಗೆ ಕಾಣದ ಜೀವಿಗಳೂ ಎಣ್ಣೆಯನ್ನು ತಿಂದು ಮುಗಿಸುತ್ತವೆ. ಇನ್ನೊಂದು ತುದಿಯಲ್ಲಿ ತಿಳಿಯಾಗಿ ಹೊರಗೆ ಬರುತ್ತದೆ. ಉಪ್ಪು ಮಾತ್ರ ಹಾಗೇ ಉಳಿಯುತ್ತದೆ.

ಆ ನೀರಿನಲ್ಲಿ ಜವೆಗೋಧಿ ಬೆಳೆಯುತ್ತೇನೆ ಅಂತ ನಾನು ಮೇಲಿನವರ ಪ್ರಾಣ ತಿಂದದ್ದು ನಿಮಗೆ ಗೊತ್ತು. ನಮ್ಮ ಮುಖ್ಯ ಎಂಜಿನಿಯರ್ ತಾಲಿಬ್ ಕೊನೆಗೆ ಏನಂದರು ಗೊತ್ತಾ? "ನೋಡಮ್ಮಾ, ಒಂದೇ ಒಂದು ಹಂಗಾಮು. ತೆನೆ ಬಲಿತು, ಕಾಳಲ್ಲಿ ಎಣ್ಣೆ ಇಲ್ಲ ಅಂತ ಮಸ್ಕತ್ತಿನ ಲ್ಯಾಬು ಹೇಳಿದ್ರೆ ಕಣ್ಣು ಹಾಯೋವರೆಗೂ ಹೊಲ ಮಾಡ್ಕೋ. ಆಗ್ಲಿಲ್ವಾ, ನೀರು ಪಾತಾಳಕ್ಕೆ, ನೀನು ಮಸ್ಕತ್ತಿನ ಆಫೀಸಿಗೆ."

ನಾನು ಮೇಜಿನ ಹಿಂದೆ ಕೂತು ಬದುಕುವವಳಲ್ಲ. ನಮ್ಮೂರ ಫಲಜ್ ಕಾಲುವೆಯ ನೀರನ್ನು ಊರಿಗೆಲ್ಲ ಹಂಚುವ ಅರೀಫ್ ನೀವು. ಜವೆಗೋಧಿಗೆ ನೀರು ಹೇಗೆ ಕೊಡಬೇಕು, ಬರೆದು ತಿಳಿಸಿ. ತೆನೆ ಬಂದ ದಿನ ಬಂದು ನೋಡಬೇಕು. ಅದೊಂದು ನನ್ನ ಆಸೆ.

ನಿಮ್ಮ ಮಗಳು,
ಜುವೈನಾ


ವಾದಿ ಸುಮೈರ್
೧೪ ಅಕ್ಟೋಬರ್

ಮಗಳೇ ಜುವೈನಾ, ದೇವರು ನಿನಗೆ ಒಳ್ಳೆಯದು ಮಾಡಲಿ, ಬುದ್ಧಿಯನ್ನೂ ಕೊಡಲಿ.

ನಿನ್ನ ಕಾಗದವನ್ನು ಹಮ್ದಾನ್ ದಾರಿಯಲ್ಲಿ ಬಿಡಿಸಿ ಓದಿದ್ದಾನೆ. ನನಗಿಂತ ಮೊದಲೇ ಊರಿಗೆಲ್ಲ ಸುದ್ದಿ ಗೊತ್ತಾಗಿತ್ತು. ಊರ ಚಾವಡಿಯಲ್ಲಿ ಕಾಫಿ ಬಟ್ಟಲು ಕೈಗೆ ಬರುವ ಮೊದಲೇ ಹಿಲಾಲ್ ಶುರು ಮಾಡಿದ: "ಏನ್ ಅರೀಫ್, ನಿನ್ ಮಗ್ಳು ಡೀಸೆಲ್‌ನಲ್ಲಿ ಜವೆಗೋಧಿ ಬೆಳೀತಾಳಂತೆ? ಆ ರೊಟ್ಟಿ ಸುಡೋಕೆ ಸೌದೆನೇ ಬೇಡ ಬಿಡು!" ಇಡೀ ಚಾವಡಿ ಹಲ್ಲು ಕಿರಿಯಿತು. ನಾನೂ ನಕ್ಕೆ. ನಗದಿದ್ದರೆ ಇನ್ನೂ ಒಂದು ವಾರ ಎಳೆಯುತ್ತಿದ್ದರು.

ನೀರಿಗೆ ಮೂರು ಗುಣ. ಬಣ್ಣ, ವಾಸನೆ, ರುಚಿ. ಒಂದು ಕೆಟ್ಟರೂ ಅದರಲ್ಲಿ ನಾನು ಕಾಲು ಸಹ ತೊಳೆಯುವುದಿಲ್ಲ. ನಿನ್ನದು ಮೂರರಲ್ಲೂ ನಪಾಸಾದ ನೀರು. ಅದು ಹರಿಯುವ ಕಡೆ ಬಂದು ನಾನು ಏನು ನೋಡಲಿ?

ಆದರೂ ಕೇಳಿದ್ದೀಯ, ಹೇಳುತ್ತೇನೆ. ಪಾತಿಯನ್ನು ಮಟ್ಟ ಮಾಡು. ಕಾಲು ಹರಡಿನವರೆಗೆ ಮುಳುಗುವಷ್ಟು ನೀರು ನಿಲ್ಲಿಸು. ಆಮೇಲೆ ಎಂಟನೆಯ ದಿನದವರೆಗೆ ಆ ಕಡೆ ತಿರುಗಿಯೂ ನೋಡಬೇಡ. ದಿನಾ ಕುಡಿಸಿದರೆ ಬೇರು ಸೋಮಾರಿಯಾಗುತ್ತದೆ, ಮುದ್ದು ಮಾಡಿದ ಮಕ್ಕಳ ಹಾಗೆ. ನಮ್ಮಲ್ಲಿ ನೀರು ಅಂದರೆ ಸರದಿ. ಸರದಿ ತಪ್ಪಿದ ನೀರಿನಿಂದ ಯಾರ ಹೊಲವೂ ಉದ್ಧಾರವಾದದ್ದು ನಾನು ನೋಡಿಲ್ಲ.

ನಿನ್ನಮ್ಮ ಅಳುತ್ತಿಲ್ಲ ಅಂತ ಬರೆಯಲು ಹೇಳಿದ್ದಾಳೆ. ಅದರ ಅರ್ಥ ನಿನಗೆ ಗೊತ್ತು.

ಮುಹನ್ನಾ ಬಿನ್ ಸುಲೈಮಾನ್


ಶಿಬಿರ
೨ ನವೆಂಬರ್

ಅಪ್ಪನಿಗೆ ಸಲಾಮು.

ಬಿತ್ತಿದ್ದಾಯಿತು. ನೀವು ಹೇಳಿದಂತೆಯೇ ಮಟ್ಟ ಮಾಡಿ, ಹರಡು ಮುಳುಗುವಷ್ಟು ನೀರು ನಿಲ್ಲಿಸಿ, ಕೊಳವೆಯ ತಿರುಪು ಮುಚ್ಚಿ ಕೂತಿದ್ದೇನೆ. ಇಲ್ಲಿ ನೀರು ಹಗಲೂ ಇರುಳೂ ಹರಿಯುತ್ತದೆ. ಬೇಕೆಂದರೂ ನಿಲ್ಲುವುದಿಲ್ಲ. ನನ್ನ ಜೊತೆ ಕೆಲಸ ಮಾಡುವವರಿಗೆ ನನ್ನನ್ನು ನೋಡಿದರೆ ನಗು. "ನೀರು ಸುಮ್ನೆ ಹೋಗ್ತಾ ಇದೆ. ನೀನು ಯಾರ ಸರದಿ ಕಾಯ್ತಾ ಇದೀಯ ಮಾರಾಯ್ತಿ?" ಅನ್ನುತ್ತಾರೆ. ನಾನು ಅದಕ್ಕೆಲ್ಲ ಸೊಪ್ಪು ಹಾಕಲಿಲ್ಲ. ಮುಚ್ಚಿದ ತಿರುಪಿನ ಮುಂದೆ ಎಂಟನೆಯ ದಿನ ಕಾಯುವಾಗ ನಮ್ಮೂರಲ್ಲೇ ಇದ್ದಂತೆ ಹಿತವಾಗುತ್ತದೆ.

ಇಲ್ಲಿ ಸಮ್ಮಾ ಅಂತ ಒಬ್ಬಳು ಮುದುಕಿ ಇದ್ದಾಳೆ. ಹರಾಸಿಸ್ ಕುಲದವಳು. ಅವಳ ಒಂಟೆಗಳು ನಮ್ಮ ಬೇಲಿಗೆ ಎದೆಯಾನಿಸಿ ನಿಂತು ಜೊಂಡಿನ ಕಡೆಗೇ ನೋಡುತ್ತಿರುತ್ತವೆ. ಅವಳೂ ಅವುಗಳ ಜೊತೆ ನಿಂತು ನನ್ನನ್ನು ಬಯ್ಯುತ್ತಾಳೆ. "ಒಂಟೆ ಓಡಾಡೋ ದಾರಿಗೆ ತಂತಿ ಕಟ್ಟಿದೀಯಲ್ಲೇ ಹುಡುಗಿ, ನಿಮ್ಮೂರಲ್ಲಿ ಹೀಗೇ ಮರ್ಯಾದೆ ಕಲಿಸ್ತಾರಾ?" ಬಯ್ದು ಮುಗಿಸಿ ಒಂಟೆಹಾಲು ಕೊಟ್ಟು ಹೋಗುತ್ತಾಳೆ.

ಹಮ್ದಾನನ ಕೈಯಲ್ಲಿ ಒಂದು ಬಾಟಲಿ ಕಳಿಸಿದ್ದೇನೆ. ಜೊಂಡಿನಿಂದ ಹೊರಗೆ ಬಂದ ನೀರು. ಬಣ್ಣ ನೋಡಿ, ಮೂಸಿ ನೋಡಿ. ಕುಡಿಯುವುದು ಮಾತ್ರ ಬೇಡ, ಉಪ್ಪು.

ಜುವೈನಾ


ವಾದಿ ಸುಮೈರ್
೧೨ ನವೆಂಬರ್

ಮಗಳೇ,

ನಿನ್ನ ಬಾಟಲಿ ಚಾವಡಿಯಲ್ಲಿ ಕೈಯಿಂದ ಕೈಗೆ ತಿರುಗಿತು. ಬಿಸಿಲಿಗೆ ಹಿಡಿದು ನೋಡಿದೆವು. ಬಣ್ಣ ಇಲ್ಲ, ಒಪ್ಪಿದೆ. ಮೂಸುವ ವಿಷಯಕ್ಕೆ ಬಂದಾಗ ಜಗಳ ಹತ್ತಿತು. ಒಬ್ಬ ಮಳೆಯ ವಾಸನೆ ಅಂದ, ಇನ್ನೊಬ್ಬ ಮೇಕೆಯ ವಾಸನೆ ಅಂದ. ಹಿಲಾಲ್ ಬೆಂಕಿಕಡ್ಡಿ ಹಚ್ಚಿ ಹತ್ತಿರ ತಂದು, "ಹತ್ಕೊಳ್ಳುತ್ತಾ ನೋಡೋಣ" ಅಂದ. ಹತ್ತಿಕೊಳ್ಳಲಿಲ್ಲ. ಮನೆಗೆ ತಂದಿಟ್ಟಿದ್ದೇನೆ. ನಿನ್ನಮ್ಮ ಅದನ್ನು ಚೆಲ್ಲಲೂ ಬಿಡುವುದಿಲ್ಲ, ಅಡುಗೆಮನೆಯೊಳಗೆ ಇಡಲೂ ಬಿಡುವುದಿಲ್ಲ.

ಮೊಳಕೆ ಎದ್ದಿತೇ? ಬರೆ. ಸರದಿ ತಪ್ಪಿಸಬೇಡ. ರಂಜಾನ್ ಬಂತು, ಬಿಸಿಲಲ್ಲಿ ನಿಲ್ಲಬೇಡ.

ಅಪ್ಪ


ಶಿಬಿರ
೨೨ ನವೆಂಬರ್

ಅಪ್ಪಾ,

ಹೇಗೆ ಬರೆಯಲಿ ಅಂತ ತಿಳಿಯುತ್ತಿಲ್ಲ. ಇದ್ದದ್ದನ್ನು ಇದ್ದ ಹಾಗೆ ಬರೆಯುತ್ತೇನೆ. ಜವೆಗೋಧಿ ಸತ್ತುಹೋಯಿತು.

ಮೊಳಕೆ ಎದ್ದಿತ್ತು. ಬೆರಳುದ್ದ ಬಂದು ಹಳದಿಯಾಯಿತು. ನೀರು ಸಾಲದೇನೋ ಅಂತ ನನಗೆ ಅನುಮಾನ, ಆದರೂ ಸರದಿಯ ದಿನದವರೆಗೆ ಕಾದೆ. ಆ ದಿನ ಬೆಳಗ್ಗೆ ಬಂದು ನೋಡಿದರೆ ಪಾತಿಯ ತುಂಬ ಬಿಳಿ ಹೆಪ್ಪು. ಮೊಳಕೆಗಳು ಅದರೊಳಗೆ ಸುಟ್ಟ ನೂಲಿನ ಹಾಗೆ ಬಿದ್ದಿದ್ದವು. ತಾಲಿಬ್ ಬಂದು ಒಂದು ಮೊಳಕೆ ಕಿತ್ತು ನೋಡಿ, ಜೇಬಿಗೆ ಹಾಕಿಕೊಂಡು ಹೊರಟರು. ಒಂದು ಮಾತು ಬಯ್ದಿದ್ದರೆ ಚೆನ್ನಾಗಿತ್ತು.

ಅವರು ಹೋದ ಮೇಲೆ ಕೊಳವೆಯ ಪಕ್ಕ ಕುಕ್ಕರಗಾಲಿನಲ್ಲಿ ಕೂತು ಅತ್ತೆ. ಅಳುವಾಗ ಕಣ್ಣಿಗೆ ಹಸಿರು ಕಂಡಿತು. ಕೊಳವೆಯ ಒಂದು ಕೀಲು ಸರಿಯಾಗಿ ಬಿಗಿಯಾಗಿಲ್ಲ. ಅಲ್ಲಿಂದ ನೀರು ಬಿಡುವಿಲ್ಲದೆ ತೊಟ್ಟಿಕ್ಕುತ್ತದೆ. ಬಿತ್ತುವಾಗ ಅಲ್ಲಿಗೆ ಹಾರಿಬಿದ್ದ ಕಾಳುಗಳು ಗೇಣುದ್ದ ಬೆಳೆದು ಕಡುಹಸಿರಾಗಿ ನಿಂತಿವೆ. ಅದೇ ನೀರು, ಅದೇ ಮಣ್ಣು, ಅದೇ ಬೀಜ. ಅಲ್ಲಿ ಸರದಿ ಒಂದು ಇರಲಿಲ್ಲ.

ಮಣ್ಣು ಅಗೆದು ನೋಡಿದೆ, ಅದರ ಉಪ್ಪು ಅಳೆದು ನೋಡಿದೆ. ಈಗ ಅರ್ಥವಾಗಿದೆ. ನಮ್ಮ ಫಲಜಿನದು ಸಿಹಿನೀರು, ಅದಕ್ಕೆ ಬಿಡುವು ಕೊಡಬಹುದು. ಈ ನೀರಿನಲ್ಲಿ ಉಪ್ಪಿದೆ. ಎಂಟು ದಿನ ಬಿಟ್ಟರೆ ಮಣ್ಣು ಆರುತ್ತದೆ, ಆರುವಾಗ ಉಪ್ಪು ಮೇಲಕ್ಕೆ ಏರಿ ಬೇರನ್ನು ಸುಡುತ್ತದೆ. ಮಣ್ಣು ಆರಲು ಬಿಡದೆ ಬೆಳಗ್ಗೆ ಸಂಜೆ ಕೊಡುತ್ತಲೇ ಇದ್ದರೆ ಉಪ್ಪು ಬೇರನ್ನು ದಾಟಿ ಕೆಳಕ್ಕೆ ಇಳಿದುಹೋಗುತ್ತದೆ. ಇಲ್ಲಿನ ಬೇರೆ ಯಾರೇ ಆಗಿದ್ದರೂ ತಿರುಪು ತೆರೆದಿಟ್ಟು ಮನೆಗೆ ಹೋಗುತ್ತಿದ್ದರು, ಪೈರು ಬದುಕುತ್ತಿತ್ತು. ಫಲಜಿನ ಊರಲ್ಲಿ ಹುಟ್ಟಿದವಳಿಗೆ ಮಾತ್ರ ಆಗುವ ತಪ್ಪು ಇದು.

ತಾಲಿಬ್ ಕಾಲು ಹಿಡಿಯುವುದೊಂದು ಬಾಕಿ. ಹಂಗಾಮು ಇನ್ನೂ ಮುಗಿದಿಲ್ಲ ಅಂತ ಹೇಳಿ ಮತ್ತೆ ಬಿತ್ತಲು ಒಪ್ಪಿಸಿದ್ದೇನೆ. ಇದೂ ಹೋದರೆ ಎಲ್ಲ ಹೋಯಿತು. ಅಪ್ಪಾ, ಈ ಸಲ ಸರದಿ ಬಿಡುತ್ತೇನೆ. ನಿಮ್ಮ ಒಪ್ಪಿಗೆ ಬೇಕು.

ಜುವೈನಾ


ವಾದಿ ಸುಮೈರ್
೩೦ ನವೆಂಬರ್

ಜುವೈನಾ,

ನಮ್ಮಪ್ಪ ಅರೀಫ್ ಆಗಿದ್ದ, ಅವರಪ್ಪನೂ ಆಗಿದ್ದ. ನೆರಳು ನೋಡಿ ಹಗಲನ್ನು, ನಕ್ಷತ್ರ ನೋಡಿ ಇರುಳನ್ನು ಪಾಲು ಮಾಡಿ ಹಂಚಿದವರು. ಸರದಿಗಾಗಿ ತಲೆ ಒಡೆದುಕೊಂಡವರನ್ನು ಒಂದೇ ತಟ್ಟೆಯ ಸುತ್ತ ಕೂರಿಸಿ ಉಣ್ಣಿಸಿದವರು. ಸರದಿಯಿಂದ ಪೈರು ಸತ್ತಿತು ಅಂತ ನನ್ನ ಹೊಟ್ಟೆಯಲ್ಲಿ ಹುಟ್ಟಿದವಳು ಬರೆಯುತ್ತಾಳೆ.

ಸರದಿಯೇ ಬೇಡವಾದ ಮೇಲೆ ಅರೀಫನ ಒಪ್ಪಿಗೆ ಯಾಕೆ? ನಿನಗೆ ತಪ್ಪು ಅನ್ನಿಸಿದ್ದು ನನಗೆ ತಪ್ಪಲ್ಲ. ಇಷ್ಟವಿದ್ದಂತೆ ಮಾಡಿಕೋ.

ಮುಹನ್ನಾ ಬಿನ್ ಸುಲೈಮಾನ್
ವಾದಿ ಸುಮೈರ್ ಫಲಜಿನ ಅರೀಫ್


ಶಿಬಿರ
೧೭ ಡಿಸೆಂಬರ್, ಈದ್‌ನ ಮರುದಿನ

ಅಪ್ಪನಿಗೆ ಈದ್ ಸಲಾಮು.

ಈದ್‌ಗೆ ಊರಿಗೆ ಬರಲಿಲ್ಲ ಅಂತ ಕೋಪ ಇನ್ನೂ ಹೆಚ್ಚಿರುತ್ತದೆ. ಪೈರು ಬಿಟ್ಟು ಬರುವಂತಿರಲಿಲ್ಲ. ಬೆಳಗ್ಗೆ ಸಂಜೆ ನಾನೇ ತಿರುಪು ತೆರೆಯುತ್ತೇನೆ, ಬೇರೆಯವರ ಕೈಗೆ ಕೊಡಲು ಧೈರ್ಯವಿಲ್ಲ. ನೆಲದಡಿಯ ಕೆಂಡದಲ್ಲಿ ಹೂತು ಬೇಯಿಸಿದ ಮಾಂಸದ ಪರಿಮಳ ನಮ್ಮೂರ ಓಣಿಯಲ್ಲಿ ತುಂಬಿರುತ್ತದೆ ಅಂತ ನೆನೆದು ಇಲ್ಲಿ ಡಬ್ಬಿ ಮೀನು ತಿಂದೆ. ಸಮ್ಮಾ ಬಂದು ನೋಡಿ, "ಈದ್ ದಿನ ಒಬ್ಬಳೇ ಕೂತು ತಿಂತೀಯಲ್ಲೇ, ನಾವೇನು ಸತ್ತಿದೀವಾ?" ಅಂತ ಕಿವಿ ಹಿಂಡಿ ತನ್ನ ಗುಡಾರಕ್ಕೆ ಎಳೆದುಕೊಂಡು ಹೋದಳು.

ಪೈರು ಎದ್ದಿದೆ, ಅಪ್ಪಾ. ಹಳದಿ ತಿರುಗಿಲ್ಲ. ಹೀಗೆ ದಿನಾ ನೀರು ಹರಿಸುವಾಗ ಯಾರದೋ ಪಾಲನ್ನು ಕದಿಯುತ್ತಿದ್ದೇನೆ ಅನ್ನಿಸುತ್ತದೆ. ಈ ನೀರಿಗೆ ಪಾಲುದಾರರೇ ಇಲ್ಲ ಅಂತ ನನಗೆ ನಾನೇ ಹೇಳಿಕೊಳ್ಳುತ್ತೇನೆ. ನಿಮ್ಮ ಸರದಿಯನ್ನು ನಾನು ಹಳಿದಿಲ್ಲ. ಒಂದು ಸಾಲು ಬರೆಯಿರಿ.

ಜುವೈನಾ


ಶಿಬಿರ
೨ ಫೆಬ್ರವರಿ ೨೦೦೨

ಅಪ್ಪಾ,

ನಿಮ್ಮಿಂದ ಸುದ್ದಿಯಿಲ್ಲ. ಅಮ್ಮ ಖರ್ಜೂರ ಕಳಿಸಿದ್ದಳು. ಡಬ್ಬಿಯ ತಳದವರೆಗೂ ತಡಕಿದೆ, ಕಾಗದ ಇರಲಿಲ್ಲ. ಹಮ್ದಾನನನ್ನು ಹಿಡಿದು ಕೇಳಿದೆ. "ಮಾವ ನಿನ್ ಕಾಗದ ಓದ್ತಾರೆ, ಮಡಚಿ ಟೋಪಿ ಒಳಗೆ ಇಟ್ಕೋತಾರೆ. ಏನಾದ್ರೂ ಹೇಳ್ಬೇಕಾ ಅಂತ ಕೇಳಿದ್ರೆ, ಲಾರಿ ಸರಿಯಾಗಿ ಓಡ್ಸು ಅಂತಾರೆ. ಈಗೀಗ ಬೆಳಗ್ಗೆ ಹೊತ್ತು ಮನೇಲೂ ಸಿಗಲ್ಲ, ಚಾವಡೀಲೂ ಸಿಗಲ್ಲ" ಅಂದ. ಟೋಪಿಯೊಳಗೆ ಇಟ್ಟುಕೊಳ್ಳುತ್ತಾರೆ ಅಂತ ಕೇಳಿ ನನಗೆ ಎಷ್ಟು ಸಮಾಧಾನವಾಯಿತೆಂದರೆ ಅವನಿಗೆ ಅರ್ಧ ಡಬ್ಬಿ ಖರ್ಜೂರ ಕೊಟ್ಟುಬಿಟ್ಟೆ.

ಪೈರು ನನ್ನ ಮೊಣಕಾಲು ದಾಟಿದೆ. ನೀವು ಕೇಳದಿದ್ದರೂ ಹೇಳುತ್ತೇನೆ, ಗಾಳಿ ಬಂದಾಗ ಅದು ಅಲೆಯಾಡುವುದನ್ನು ನೋಡಲು ಎಣ್ಣೆಬಾವಿಯ ಹುಡುಗರು ಊಟದ ಬಿಡುವಿನಲ್ಲಿ ಬಂದು ನಿಲ್ಲುತ್ತಾರೆ.

ಮೊನ್ನೆ ಮುಂಜಾನೆ ಬಂದರೆ ಬೇಲಿ ಮಲಗಿದೆ, ಸಮ್ಮಾಳ ಒಂಟೆಗಳು ಹೊಲದ ನಡುವೆ ನಿಂತು ಮೇಯುತ್ತಿವೆ! ನಾನು ಕಿರುಚಿಕೊಂಡು ಓಡಿದೆ. ಒಂದು ಮೂಲೆ ಪೂರ್ತಿ ಬೋಳಾಗಿತ್ತು. ಸಮ್ಮಾ ಬಂದಳು. ಕ್ಷಮೆ ಕೇಳುತ್ತಾಳೆ ಅಂದುಕೊಂಡೆ. ಅವಳು ನನ್ನನ್ನು ನೋಡಲೇ ಇಲ್ಲ. ಒಂದೊಂದು ಒಂಟೆಯ ಬಾಯಿ ಬಿಡಿಸಿ, ಒಳಗೆ ಮೂಗಿಟ್ಟು ಮೂಸಿದಳು. ಎಣ್ಣೆ ಸೋರಿದ ಕಡೆ ಮೇಯ್ದು ಅವಳ ಎರಡು ಒಂಟೆ ಹಿಂದೆ ಸತ್ತಿದ್ದವಂತೆ. ಆಮೇಲೆ ಆ ದಿನವೆಲ್ಲ ಅವುಗಳ ಪಕ್ಕದಿಂದ ಏಳಲಿಲ್ಲ. ನಾನೂ ಏಳಲಿಲ್ಲ. ಅವಳ ಒಂಟೆಗೆ ಏನಾದರೂ ಆದರೆ ನನ್ನ ನೀರಿನ ಮರ್ಯಾದೆ ಅಲ್ಲಿಗೆ ಮುಗಿಯಿತು. ಮರುದಿನ ಬೆಳಗ್ಗೆ ಒಂಟೆಗಳು ಎದ್ದು, ಮೈ ಕೊಡವಿ, ನೇರವಾಗಿ ಮತ್ತೆ ನನ್ನ ಬೇಲಿಯ ಕಡೆಗೇ ಹೊರಟವು. ಸಮ್ಮಾ ಜೋರಾಗಿ ನಕ್ಕುಬಿಟ್ಟಳು. "ಇವು ನನ್ ಮಾತು ಕೇಳಲ್ಲ, ನಿನ್ ಹೊಲದ ಮಾತು ಕೇಳ್ತವೆ. ತಂತಿ ಗಟ್ಟಿ ಮಾಡ್ಕೋ ತಾಯಿ" ಅಂದಳು. ಮೊದಲ ಸಲ ತಾಯಿ ಅಂದಳು.

ಜುವೈನಾ


ಶಿಬಿರ
೧೨ ಏಪ್ರಿಲ್

ಅಪ್ಪಾ, ಗೆದ್ದೆವು!

ಬಲಿತ ತೆನೆಗಳನ್ನು ಮಸ್ಕತ್ತಿಗೆ ಕಳಿಸಿದ್ದೆವು. ಉತ್ತರ ಬಂದ ದಿನ ತಾಲಿಬ್ ಅದನ್ನು ಓದಿ, ಕನ್ನಡಕ ಒರೆಸಿ, ಮತ್ತೆ ಓದಿದರು. "ಎಣ್ಣೆ ಇಲ್ಲ. ಒಂದು ಚೂರೂ ಇಲ್ಲ" ಅಂದರು. ಆಮೇಲೆ ನನ್ನ ಕಡೆ ತಿರುಗಿ, "ಮಸ್ಕತ್ತಲ್ಲಿ ನಿನಗೆ ಅಂತ ಒಂದು ಮೇಜು ತೆಗೆದಿಟ್ಟಿದ್ದೆ ಕಣಮ್ಮಾ. ಬೇರೆ ಯಾರಿಗಾದ್ರೂ ಕೊಡ್ಬೇಕಾಯ್ತಲ್ಲ!" ಅಂದರು. ಹುಡುಗರು ಕಬ್ಬಿಣದ ಪೀಪಾಯಿಗಳನ್ನು ಬಡಿದು ಕುಣಿದರು. ನಾನೂ ಕುಣಿದೆ ಅಂತ ಅಮ್ಮನಿಗೆ ಹೇಳಬೇಡಿ.

ಜೊಂಡಿನ ಪಾತಿಗಳನ್ನು ಎರಡರಷ್ಟು ಮಾಡುತ್ತಾರಂತೆ. ಪಾತಾಳಕ್ಕೆ ತಳ್ಳುವ ಪಂಪುಗಳಲ್ಲಿ ಒಂದನ್ನು ನಿನ್ನೆಯೇ ನಿಲ್ಲಿಸಿದರು. ಅದರ ಗದ್ದಲ ನಿಂತಾಗ ಜೊಂಡಿನಲ್ಲಿ ಗಾಳಿ ಆಡುವ ಸದ್ದು ಮೊದಲ ಸಲ ಕೇಳಿಸಿತು. ಬರುವ ಹಂಗಾಮಿಗೆ ಈ ಬೆಂಗಾಡಿನಲ್ಲಿ ಕಣ್ಣು ಹಾಯುವವರೆಗೆ ಜವೆಗೋಧಿ. ಅದರ ಹುಲ್ಲು ಸಮ್ಮಾಳ ಕುಲದವರ ಒಂಟೆಗಳಿಗೆ ಅಂತ ಮಾತಾಗಿದೆ.

ನಿನ್ನೆ ಕೊಯ್ಲು. ಸಮ್ಮಾಳ ಮನೆಯ ಹೆಂಗಸರೆಲ್ಲ ಬಂದು ಹಾಡುತ್ತ ಕೊಯ್ದರು. ಕೊಯ್ಲಿನ ದಿನವನ್ನು ಮೊದಲೇ ಹೇಳಿ ಕಳಿಸಿದ್ದೆ. ಹಮ್ದಾನನ ಲಾರಿಯ ಧೂಳು ಕಂಡಾಗ ಕುಡುಗೋಲು ಬಿಟ್ಟು ರಸ್ತೆಗೆ ಓಡಿದೆ. ಲಾರಿಯಿಂದ ಅವನೊಬ್ಬನೇ ಇಳಿದ.

ಇಷ್ಟು ದೊಡ್ಡ ಸಂತೋಷದಲ್ಲಿ ಅದೊಂದು ಜಾಗ ಖಾಲಿ ಉಳಿಯಿತು, ಅಪ್ಪಾ. ನಿಮ್ಮ ಮೇಲೆ ಕೋಪವಿಲ್ಲ. ದುಃಖ ಇದೆ.

ನಿಮ್ಮ ಮಗಳು,
ಜುವೈನಾ


ವಾದಿ ಸುಮೈರ್
೨೮ ಏಪ್ರಿಲ್

ನನ್ನ ಮುದ್ದು ಮಗಳೇ,

ನಿನ್ನ ಕೊಯ್ಲಿನ ದಿನ ನನಗೆ ಬರಲಾಗಲಿಲ್ಲ. ನನ್ನ ಪೈರಿಗೂ ಬೆಳಗ್ಗೆ ಸಂಜೆ ನೀರು ಹಾಯಿಸಬೇಕಿತ್ತು.

ಫಲಜಿನ ಬಾಲದಲ್ಲಿ, ಖರ್ಜೂರದ ತೋಟಗಳು ಮುಗಿದ ಮೇಲೆ, ಉಪ್ಪೆದ್ದು ಬಿಳಿಚಿ ಬಿದ್ದ ಹೊಲಗಳಿವೆ. ನಮ್ಮದೂ ಒಂದು ತುಂಡು ಇದೆ. ನನಗೆ ಬುದ್ಧಿ ತಿಳಿದಾಗಿನಿಂದ ಅಲ್ಲಿ ಒಂದು ಹುಲ್ಲುಕಡ್ಡಿ ಎದ್ದದ್ದು ನೋಡಿಲ್ಲ. ನಿನ್ನ ಈದ್‌ನ ಕಾಗದ ಬಂದ ಮೇಲೆ ಹೋಗಿ ಆ ಹೊಲದಲ್ಲಿ ಕೂತೆ. ನೀನು ಸತ್ತ ಪೈರಿನ ಬಗ್ಗೆ ಬರೆದಿದ್ದ ಬಿಳಿ ಹೆಪ್ಪು ಅಲ್ಲಿಯೂ ಇತ್ತು. ನಾವು ಅದನ್ನು ದೇವರ ಚಿತ್ತ ಅಂತ ಬಿಟ್ಟಿದ್ದೆವು. ನಮ್ಮ ನೀರು ಸಿಹಿಯಾದರೇನು, ಇಲ್ಲಿ ಮಣ್ಣಲ್ಲೇ ಉಪ್ಪಿದೆ.

ನಮ್ಮ ಮನೆಯ ನೀರಿನ ಪಾಲು ಎಂಟು ದಿನಕ್ಕೊಮ್ಮೆ ಬರುತ್ತದೆ. ಅದನ್ನು ಇಡಿಯಾಗಿ ಬೇರೆ ಮನೆಗಳಿಗೆ ಬಿಟ್ಟುಕೊಟ್ಟು, ಬದಲಿಗೆ ಅವರವರ ಪಾಲಿನಿಂದ ದಿನಾ ಒಂದಿಷ್ಟು ನನಗೆ ಕೊಡಿ ಅಂತ ಮನೆಮನೆ ತಿರುಗಿ ಕೇಳಿದೆ. ಅರೀಫನೇ ಸರದಿ ಮುರಿಯುತ್ತಾನೆ ಅಂತ ಚಾವಡಿಯಲ್ಲಿ ಗದ್ದಲವೋ ಗದ್ದಲ. ಹಿಲಾಲ್ ಎದ್ದು ನಿಂತು, "ಹುಚ್ಚು ಹಿಡೀತಾ ನಿಂಗೆ? ಯಾರ ಮಾತು ಕಟ್ಕೊಂಡು ಕುಣೀತಾ ಇದೀಯ?" ಅಂತ ಎಲ್ಲರ ಮುಂದೆ ಕೇಳಿದ.

"ನನ್ ಮಗಳ ಮಾತು. ಯಾಕೆ, ಏನಾಯ್ತು?" ಅಂದೆ.

ಆಗ ನನ್ನ ಹೊಲದಲ್ಲಿ ಇನ್ನೂ ಒಂದು ಕಾಳನ್ನೂ ಬಿತ್ತಿರಲಿಲ್ಲ. ಬಯ್ಯುತ್ತಲೇ ಒಪ್ಪಿ ನೀರು ಕೊಟ್ಟರು.

ನಿನಗೆ ಯಾಕೆ ಬರೆಯಲಿಲ್ಲ ಅಂದರೆ, ನೀನು ಹೇಳಿದ್ದು ತಪ್ಪು ಅಂತ ಒಮ್ಮೆ ಬರೆದಾಗಿತ್ತು. ಸರಿ ಅಂತ ಬರೆಯಬೇಕಾದರೆ ಕೈಯಲ್ಲಿ ತೆನೆ ಇರಬೇಕು ಅಂತ ಹಟ. ಹಮ್ದಾನನಿಂದಲೂ ಬಾಯಿ ಬಿಡುವುದಿಲ್ಲ ಅಂತ ಆಣೆ ಹಾಕಿಸಿದ್ದೆ. ಇವತ್ತು ಇದೆ. ಕಾಗದದ ಜೊತೆ ಕಳಿಸಿದ್ದೇನೆ. ನಿನ್ನದಕ್ಕಿಂತ ಗಿಡ್ಡ ಅಂತ ನಗಬೇಡ. ಮೊದಲ ರೊಟ್ಟಿಯನ್ನು ಹಿಲಾಲನಿಗೆ ಕೊಟ್ಟೆ. ತಿಂದು ಮುಗಿಸಿ ಇನ್ನೊಂದಕ್ಕೆ ಕೈ ಚಾಚಿದ.

ಈಗ ಬಾಲದ ಹೊಲದವರೆಲ್ಲ ನಮಗೂ ಹೇಳಿಕೊಡಿ ಅಂತ ಬೆನ್ನು ಹತ್ತಿದ್ದಾರೆ. ಗುರುವಾರ ಹಮ್ದಾನನ ಲಾರಿಯಲ್ಲಿ ಚಾವಡಿಯೇ ಅಲ್ಲಿಗೆ ಹೊರಡುತ್ತದೆ. ನಿನ್ನಮ್ಮನೂ ಬರುತ್ತಾಳೆ, ತಡೆಯಲು ನನ್ನಿಂದಾಗಲಿಲ್ಲ. ನೀನು ಹೊಲದ ನಡುವೆ ನಿಂತು ನೀರು ಹೇಗೆ ಕೊಡಬೇಕು ಅಂತ ಅವರಿಗೆ ಹೇಳು. ನಾನು ಎಲ್ಲರ ಹಿಂದೆ ಕೂತು ಕೇಳುತ್ತೇನೆ.

ನಿನ್ನ ಅಪ್ಪ